ಹೆರಿಗೆ ಕೋಣೆಯ ಬಾಗಿಲು ಕಾದವಳು

ರಾಣಿಯವರು ಹೆರಿಗೆ ಕೋಣೆ ಸೇರಿದ ದಿನ ಗಂಡಸರೆಲ್ಲ ಹೊಸ್ತಿಲ ತನಕ ಬಂದು ನಿಂತರು. ಮಾಂಸ ಕತ್ತರಿಸಿ ಬಡಿಸುವವನು ತನ್ನ ಚಾಕುವನ್ನು, ದ್ರಾಕ್ಷಾರಸ ಹಿಡಿಯುವವನು ತನ್ನ ಬಟ್ಟಲನ್ನು, ಬಾಗಿಲು ಕಾಯುವವನು ತನ್ನ ಬಿಳಿ ಕೋಲನ್ನು ಹೆಂಗಸರ ಕೈಗೆ ಕೊಟ್ಟು ತಲೆಬಾಗಿ ಹಿಂದೆ ಸರಿದರು. ಇನ್ನು ಮಗು ಹುಟ್ಟಿ ರಾಣಿಯವರು ಎದ್ದು ಹೊರಗೆ ಬರುವ ತನಕ ಒಳಗೆ ಗಂಡಸಿನ ನೆರಳು ಬೀಳುವ ಹಾಗಿಲ್ಲ. ವೈದ್ಯನೂ ಇಲ್ಲ, ಪಾದ್ರಿಯೂ ಇಲ್ಲ, ದೊರೆಯೂ ಇಲ್ಲ. ಅವರು ಮಾಡುತ್ತಿದ್ದ ಕೆಲಸವನ್ನೆಲ್ಲ ನಾವೇ ಮಾಡಬೇಕು.

ಚಾಕು ಲೇಡಿ ಮಾರ್ಜರಿಯವರ ಕೈಗೆ ಹೋಯಿತು. ಅದು ಯಾರಿಗೂ ಆಶ್ಚರ್ಯವಾಗಲಿಲ್ಲ. ಅವರ ಮನೆತನದವರು ಮೂರು ತಲೆಮಾರಿನಿಂದ ಅರಮನೆಯಲ್ಲೇ ಇದ್ದವರು. ಬಿಳಿ ಕೋಲು ಹೋದದ್ದು ಉರ್ಸುಲಾ ಹಾಕ್ಲಿಯವರ ಕೈಗೆ. ಅದನ್ನು ಕಂಡು ಎಷ್ಟೋ ಜನರ ಮುಖ ಹುಳ್ಳಗಾಯಿತು.

ಉರ್ಸುಲಾ ಉಣ್ಣೆ ವ್ಯಾಪಾರಿಯ ಮಗಳು. ಲಿಂಕನ್ ಊರಿನ ಕಡೆಯ ಜೌಗುನೆಲದಲ್ಲಿ ಮನೆ ಇದ್ದ ಒಬ್ಬ ಸಣ್ಣ ಸರದಾರನ ಹೆಂಡತಿ. ಗಂಡನಿಗೆ ಬಾತುಕೋಳಿ ಹೊಡೆಯುವುದು, ಕುಡಿಯುವುದು, ಇವೆರಡೇ ಕೆಲಸ. ಅಂಥ ಮನೆಯಿಂದ ಬಂದವರು ಅರಮನೆಯಲ್ಲಿ ಹೇಗೆ ಮೇಲೆ ಹತ್ತಿದರು ಎಂದು ಎಲ್ಲರೂ ಕೇಳುತ್ತಿದ್ದರು. ನಾನು ಅವರ ಸೇವಕಿ, ಸದಾ ಅವರ ಹಿಂದೆಯೇ ಇದ್ದವಳು, ನನಗೆ ಗೊತ್ತಿತ್ತು. ರಾಣಿಯವರಿಗೆ ತಲೆನೋವು ಬರುವುದನ್ನು ರಾಣಿಯವರಿಗಿಂತ ಮೊದಲೇ ತಿಳಿದು ಕಿಟಕಿ ಮುಚ್ಚಿಸುತ್ತಿದ್ದರು. ಇಸ್ಪೀಟಾಟದಲ್ಲಿ ಯಾವಾಗ ಸೋಲಬೇಕು, ಯಾವಾಗ ಒಂದೇ ಒಂದು ಸಲ ಗೆದ್ದು ರಾಣಿಯವರನ್ನು ರೇಗಿಸಬೇಕು ಎನ್ನುವುದೂ ಅವರಿಗೆ ಗೊತ್ತಿತ್ತು. ಅವರು ನಿದ್ದೆಯಲ್ಲಿ ಕೂಡ ಮೈ ಸಡಿಲ ಬಿಟ್ಟದ್ದನ್ನು ನಾನು ಕಂಡಿಲ್ಲ.

ರಾಣಿಯವರು ಅವರಿಗೆ ಮಾತು ಕೊಟ್ಟಿದ್ದರು. ಮಗು ಹುಟ್ಟಿದರೆ ಅದಕ್ಕೆ ಬೇರೆಯೇ ಅರಮನೆ, ಬೇರೆ ಅಡುಗೆಮನೆ, ಬೇರೆ ಆಳುಕಾಳು. ಅದಕ್ಕೆಲ್ಲ ಉರ್ಸುಲಾ ಯಜಮಾನಿ. ಮುಂದೆ ದೊರೆಯಾಗುವ ಮಗುವಿಗೆ ಮೊದಲ ಮಾತು ಕಲಿಸುವವಳು ಎಂದರೆ, ಡ್ಯೂಕರ ಹೆಂಡಂದಿರೂ ಬಾಗಿಲಲ್ಲಿ ಕಾಯಬೇಕು.

"ಸಿಸಿಲಿ, ನಿನಗೆ ಬಾಯಿಲ್ಲ, ಕಣ್ಣು ಮಾತ್ರ ಇದೆ. ಅದಕ್ಕೇ ನಿನ್ನ ಒಳಗ್ ಕರ್ಕೊಂಡ್ ಬಂದಿರೋದು," ಎಂದರು ಅವರು ಬಾಗಿಲು ಮುಚ್ಚಿದ ಕೂಡಲೇ. "ಮಗು ಹುಟ್ಲಿ, ರಾಜಕುಮಾರನ ತೊಟ್ಟಿಲು ತೂಗೋಳು ನೀನೇ. ಹುಟ್ಲಿಲ್ಲ ಅಂದ್ರೆ ನಾನು ಬಾತುಕೋಳಿ ಪುಕ್ಕ ಕೀಳೋಕೆ ಹೋಗ್ತೀನಿ, ನೀನು ನಿಮ್ಮ ಚಿಕ್ಕಪ್ಪನ ಚರ್ಮ ನೆನೆಸೋ ಗುಂಡಿಗೆ ಹೋಗ್ತೀಯ. ಗೊತ್ತಾಯ್ತಲ್ಲ?"

"ಗೊತ್ತಾಯ್ತು ಅಮ್ಮಾವ್ರೇ," ಎಂದೆ.

ಅಪ್ಪ ತೀರಿಕೊಂಡ ಮೇಲೆ ಸನ್ಯಾಸಿನಿಯರ ಹತ್ತಿರ ಕಲಿಯುತ್ತಿದ್ದ ಅಕ್ಷರ ಅರ್ಧಕ್ಕೇ ಬಿಟ್ಟು ಚಿಕ್ಕಪ್ಪನ ಮನೆ ಸೇರಿದವಳು ನಾನು. ಆ ಗುಂಡಿಯ ನಾತ ಕೂದಲಿನಿಂದ ಹೋಗಬೇಕಾದರೆ ಒಂದು ಚಳಿಗಾಲ ಪೂರ್ತಿ ಬೇಕಾಗಿತ್ತು.

ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ರಾಣಿಯವರಿಗೆ ಬೆಳಕು ಬೇಕೆನಿಸಿದರೆ ಇರಲಿ ಎಂದು ಒಂದನ್ನು ಮಾತ್ರ ಬಿಟ್ಟಿದ್ದರು. ಗೋಡೆಗಳ ಮೇಲಿದ್ದ ಬೇಟೆಯ ಚಿತ್ರಗಳ ಪರದೆಗಳನ್ನು ಇಳಿಸಿ, ಬರೀ ಲಿಲ್ಲಿ ಹೂವಿನ ನೀಲಿ ಪರದೆಗಳನ್ನು ಹಾಕಿದ್ದರು. ದಿನ ತುಂಬಿದವಳು ಪ್ರಾಣಿಯ ಮುಖ ನೋಡಿದರೆ ಮಗುವಿಗೂ ಆ ಮುಖವೇ ಬರುತ್ತದೆ, ಇಲ್ಲವೇ ಮಗುವೇ ನಿಲ್ಲುವುದಿಲ್ಲ ಎನ್ನುವ ನಂಬಿಕೆ. ಲೇಡಿ ಮಾರ್ಜರಿ ಒಂದು ದಿಂಬಿನ ಅಂಚಿನಲ್ಲಿದ್ದ ಪುಟ್ಟ ಮೊಲದ ಕಸೂತಿಯನ್ನೂ ನನ್ನ ಕೈಯಲ್ಲೇ ಬಿಚ್ಚಿಸಿದರು.

ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಪರ್ನೆಲ್ ಇದ್ದಳು. ಹುಟ್ಟುವ ಮಗುವಿಗೆ ಹಾಲೂಡಿಸಲು ಕೆಂಟ್ ಕಡೆಯಿಂದ ಆರಿಸಿ ತಂದ ದಾದಿ. ದುಂಡು ಮೈ, ಕೆಂಪು ಕೆನ್ನೆ. ತನ್ನ ಕೂಸನ್ನು ಅಕ್ಕನ ಹತ್ತಿರ ಬಿಟ್ಟು ಬಂದಿದ್ದಳು. ಊಟ ಚೆನ್ನಾಗಿದೆ ಎನ್ನುತ್ತಲೇ ಅಳುತ್ತಿದ್ದಳು, ಅಳುತ್ತಲೇ ಇನ್ನೊಂದು ತುಂಡು ಮಾಂಸ ಕೇಳುತ್ತಿದ್ದಳು.

ಸೂಲಗಿತ್ತಿ ಟಿಬ್ ಅಜ್ಜಿ ಹೇಳಿದ ದಿನ ಬಂತು, ಹೋಯಿತು. ಮಗು ಬರಲಿಲ್ಲ. ಹೊರಗಿನಿಂದ ವೈದ್ಯರು ಲೆಕ್ಕ ತಪ್ಪಿರಬಹುದು ಎಂದು ಹೇಳಿ ಕಳಿಸಿದರು. ತೋಟದಲ್ಲಿ ಸೇಬಿನ ಹೂವು ಉದುರಿತು. ಬಾಗಿಲಿಗೆ ಬರುವ ತಟ್ಟೆಗಳಲ್ಲಿ ಚೆರ್ರಿ ಹಣ್ಣು ಕಾಣಿಸಿಕೊಂಡಿತು. ಆಗಲೂ ಮಗು ಬರಲಿಲ್ಲ. ರಾಣಿಯವರು ಮಂಚ ಬಿಟ್ಟು ನೆಲದ ಮೇಲೆ ದಿಂಬು ಹಾಕಿಸಿಕೊಂಡು, ಮೊಣಕಾಲನ್ನು ಗಲ್ಲಕ್ಕೆ ತಾಗುವಷ್ಟು ಮಡಿಸಿ ಕೂರತೊಡಗಿದರು. ದಿನ ತುಂಬಿದ ಹೆಂಗಸು ಹಾಗೆ ಕೂರಲು ಸಾಧ್ಯವೇ? ನಾವೆಲ್ಲ ನೋಡಿದೆವು. ನೋಡಿ, ಬೇರೆ ಕಡೆ ತಿರುಗಿದೆವು.

ಆಮೇಲೆ ಹೊರಗಿನ ಸುದ್ದಿ ಒಳಗೆ ಬಂತು. ಲೇಡಿ ಮಾರ್ಜರಿಯವರ ಸೊಸೆ ಬಾಗಿಲ ಸಂದಿಯಲ್ಲಿ ಪಿಸುಗುಟ್ಟಿ ಹೋದದ್ದು. ರಾಣಿಗೆ ಬಸಿರೇ ಇಲ್ಲ ಎಂದು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದಾರೆ, ಯಾವುದೋ ಬಡವರ ಮಗುವನ್ನು ಕದ್ದು ಒಳಗೆ ಸಾಗಿಸಿ ರಾಜಕುಮಾರ ಹುಟ್ಟಿದ ಎಂದು ಗಂಟೆ ಹೊಡೆಸುತ್ತಾರಂತೆ ಎಂದು.

ಅವತ್ತು ಮಧ್ಯಾಹ್ನ ನಾನು ಹಾಸಿಗೆಯ ಬಟ್ಟೆ ಮಡಿಸುತ್ತಿದ್ದೆ. ಲೇಡಿ ಮಾರ್ಜರಿ ಬಂದು ನನ್ನ ಕೈಯಲ್ಲಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದರು. ಅವರು ಎಂದೂ ಅಂಥ ಕೆಲಸಕ್ಕೆ ಕೈ ಹಾಕಿದವರಲ್ಲ.

"ನೀನು ಹಾಕ್ಲಿಯ ಹುಡುಗಿ ಅಲ್ವಾ?"

"ಹೌದು, ಅಮ್ಮಾವ್ರೇ."

"ಮಗು ಹುಟ್ಟದೇ ಹೋದ್ರೆ ಈ ಕೋಣೇಲಿ ಯಾರಿಗೆ ಜಾಸ್ತಿ ನಷ್ಟ, ಹೇಳು?"

ನಾನು ಬಟ್ಟೆಯ ಸುಕ್ಕು ನೀವಿದೆ.

"ನಿನಗೂ ಗೊತ್ತು. ಬಾಗಿಲು ಯಾರ ಕೈಲಿದೆ ಅನ್ನೋದೂ ಗೊತ್ತು." ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸುತ್ತಲೇ ಮಾತಾಡಿದರು. "ಒಂದು ಮಗು ಕಳ್ಳದಾರೀಲಿ ಈ ಬಾಗಿಲು ದಾಟಿ ಒಳಗೆ ಬಂತು ಅಂತಿಟ್ಕೋ. ಗೊತ್ತಿದ್ದೂ ಸುಮ್ನಿದ್ದವರನ್ನ ಏನ್ಮಾಡ್ತಾರೆ? ಗಂಡಸರಾದ್ರೆ ಕುತ್ತಿಗೆಗೆ ಕೊಡಲಿ, ಒಂದೇ ಏಟು. ಹೆಂಗಸರನ್ನ ಸುಡ್ತಾರೆ, ಹುಡುಗಿ. ನೀನು ನೋಡಿದ್ದೀಯಾ, ಸುಡೋದನ್ನ?"

"ಇಲ್ಲ."

"ನಾನು ನೋಡಿದ್ದೀನಿ." ಬಟ್ಟೆಯನ್ನು ನನ್ನ ಕೈಗಿತ್ತರು. "ಏನಾದ್ರೂ ಕಂಡ್ರೆ ಮೊದಲು ನನಗೆ ಹೇಳು. ನನ್ನ ಮನೇಲಿ ಒಳ್ಳೇ ಹುಡುಗಿಗೆ ಯಾವಾಗ್ಲೂ ಜಾಗ ಇದೆ."

ಅವತ್ತಿನಿಂದ ನಾನು ಉರ್ಸುಲಾ ಅವರನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನೋಡಿದಷ್ಟೂ ಹೆದರಿಕೆ ಹೆಚ್ಚಾಯಿತು.

ಒಗೆದ ಬಟ್ಟೆಯ ಬುಟ್ಟಿಯನ್ನು ಪ್ರತಿ ಬೆಳಿಗ್ಗೆ ಅಗಸಗಿತ್ತಿ ಬಾಗಿಲಿಗೆ ತಂದುಕೊಡುತ್ತಿದ್ದಳು. ಅದನ್ನು ಒಳಗೆ ತರುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಉರ್ಸುಲಾ ಅವಳನ್ನು ತಡೆದು ನಿಲ್ಲಿಸಿ, ತೀರಾ ಸಹಜವೆನ್ನುವ ಹಾಗೆ ಕೇಳಿದರು, "ಏನಮ್ಮಾ, ನಿಮ್ಮ ಓಣೀಲಿ ನೇಕಾರನ ಹೆಂಡತಿ ಹೆತ್ತಳಂತೆ?"

"ಹೂಂ ಅಮ್ಮಾವ್ರೇ, ಮೊನ್ನೆ. ಗಂಡು. ಒಳ್ಳೇ ಹಂದಿಮರಿ ಹಂಗಿದೆ."

"ತಾಯಿ ಬಡವಳಾ?"

"ನೇಕಾರನ ಹೆಂಡತಿ ಇನ್ನೇನ್ ಶ್ರೀಮಂತಳಾ!" ಎಂದು ಅಗಸಗಿತ್ತಿ ನಕ್ಕಳು.

ಉರ್ಸುಲಾ ನಗಲಿಲ್ಲ. ಏನೋ ಯೋಚಿಸುತ್ತಾ ಕೋಲಿನ ತುದಿಯಿಂದ ನೆಲಕ್ಕೆ ಹಾಸಿದ ಜೊಂಡುಹುಲ್ಲನ್ನು ಕೆದಕುತ್ತಾ ನಿಂತರು.

ಅದಾದ ಸ್ವಲ್ಪ ದಿನಕ್ಕೆ ಎರಡನೇ ಬುಟ್ಟಿ ಬರತೊಡಗಿತು. ಮುಚ್ಚಳವಿದ್ದ ಬುಟ್ಟಿ. ನಾನು ಎತ್ತಲು ಬಾಗಿದರೆ ಉರ್ಸುಲಾ ಅವರ ಕೋಲು ಅಡ್ಡ ಬಂತು.

"ಅದು ಬೇಡ. ನೀನು ದೊಡ್ಡದನ್ನ ತಗೋ."

ಒಬ್ಬ ಸರದಾರನ ಹೆಂಡತಿ, ರೇಷ್ಮೆ ತೋಳಿನ ಅಂಗಿ ತೊಟ್ಟವಳು, ಬಟ್ಟೆಯ ಬುಟ್ಟಿಯನ್ನು ತಾನೇ ಎತ್ತಿಕೊಂಡು ಗೋಡೆಯ ಬದಿಯಲ್ಲೇ ನಡೆದು ಪರ್ನೆಲ್ಲಳ ಕೋಣೆಗೆ ಹೋಗಿ ಪರದೆ ಎಳೆದುಕೊಂಡದ್ದನ್ನು ನಾನು ಕಂಡೆ. ಹೊರಗೆ ಬಂದಾಗ ಅವರ ಕೈ ಖಾಲಿ ಇತ್ತು. ಸಂಜೆ ಅದೇ ಬುಟ್ಟಿ ಹೊರಗೆ ಹೋಯಿತು. ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ಬುಟ್ಟಿ ಹೊಸ್ತಿಲ ಮೇಲಿದ್ದಾಗ ಅದರ ಮುಚ್ಚಳ ತಾನಾಗಿಯೇ ಒಂದು ಚೂರು ಮೇಲೆದ್ದು ಕೂತದ್ದನ್ನು ನೋಡಿದೆ.

ಲೇಡಿ ಮಾರ್ಜರಿ ಕೋಣೆಯ ಆ ತುದಿಯಲ್ಲಿ ಮಾಂಸ ಕತ್ತರಿಸುತ್ತಿದ್ದರು. ಹೋಗಿ ಹೇಳಲೇ? ಹೇಳಿದರೆ ಉರ್ಸುಲಾ ಸುಟ್ಟು ಹೋಗುತ್ತಾರೆ. ಹೇಳದಿದ್ದರೆ ಅವರ ಜೊತೆ ನಾನೂ. ಮಗುವನ್ನು ದಿನಾ ತಂದು ದಿನಾ ಒಯ್ಯುವುದು ಯಾಕೆ ಎನ್ನುವುದು ಮಾತ್ರ ತಿಳಿಯಲಿಲ್ಲ. ಅಭ್ಯಾಸ ಮಾಡಿಸುತ್ತಿದ್ದಾರೆ ಅಂದುಕೊಂಡೆ. ಸುಮ್ಮನಿರುವುದನ್ನು ಮಗುವಿಗೆ, ಬುಟ್ಟಿ ಕಂಡು ಬೆಚ್ಚದಿರುವುದನ್ನು ನಮಗೆ.

ಕೊನೆಗೆ ತಡೆಯಲಾಗಲಿಲ್ಲ. ಉರ್ಸುಲಾ ರಾಣಿಯವರಿಗೆ ಪ್ರಾರ್ಥನೆ ಓದಿ ಹೇಳುತ್ತಿದ್ದ ಹೊತ್ತಿನಲ್ಲಿ ನೀರಿನ ಹೂಜಿ ನೆಪ ಮಾಡಿಕೊಂಡು ಹೋಗಿ ಪರ್ನೆಲ್ಲಳ ಪರದೆ ಸರಿಸಿದೆ.

ಪರ್ನೆಲ್ ರವಿಕೆಯ ದಾರ ಬಿಚ್ಚಿಕೊಂಡು ಗೋಡೆಗೊರಗಿ ಕೂತಿದ್ದಳು. ಅವಳ ಎದೆಗೆ ಏನೋ ಅಂಟಿಕೊಂಡಿತ್ತು. ಕಂದು ಬಣ್ಣ. ಉದ್ದ ಕಿವಿ. ಪುಟ್ಟ ಬಾಲ ಅಲ್ಲಾಡುತ್ತಿತ್ತು.

"ಮುಚ್ಚು ಮುಚ್ಚು, ಗಾಳಿ ಬರ್ತದೆ," ಎಂದಳು ಪರ್ನೆಲ್. "ಏನ್ ಹಂಗ್ ನೋಡ್ತೀಯ? ನಾಯಿಮರಿ ನೋಡಿಲ್ವಾ?"

"ನಾಯಿಮರಿ," ಎಂದೆ.

"ಹಾಲು ಕಟ್ಟಿಕೊಂಡು ಸತ್ತು ಹೋಗ್ತಿದ್ದೆ. ಕಲ್ಲು, ಕಲ್ಲಾಗಿತ್ತು. ಆಮೇಲೆ ಹಾಲೇ ಬತ್ತಿ ಹೋಗೋಕೆ ಶುರುವಾಯ್ತು. ನಮ್ಮೂರಲ್ಲೂ ಹಿಂಗೇ ಮಾಡ್ತಾರೆ, ಮಗು ತಡ ಆದ್ರೆ. ಹಲ್ಲು ಮಾತ್ರ ಚೂರಿ ಈ ಪಾಪಿಗೆ. ಇವನ ಹೆಸರು ಏನಿಟ್ಟಿದ್ದೀನಿ ಗೊತ್ತಾ? ಆರ್ಚ್‌ಬಿಷಪ್ಪು."

ನನಗೆ ನಗು ಬಂತು, ಅಳುವೂ ಬಂತು. ಹಿಂದೆ ತಿರುಗಿದರೆ ಉರ್ಸುಲಾ ನಿಂತಿದ್ದರು. ಒಳಗೆ ಬಂದು ಪರದೆ ಎಳೆದು, ನನ್ನ ಮೊಣಕೈ ಹಿಡಿದರು.

"ಏನಂದ್ಕೊಂಡಿದ್ದೆ?"

ಅವರೇ ನನ್ನ ಮುಖ ಓದಿಕೊಂಡರು.

"ನೇಕಾರನ ಮಗು ಅಂತ. ಅಲ್ವಾ? ಅದನ್ನೇ ತರಿಸೋಣ ಅಂತಿದ್ದೆ, ಇವಳ ಹಾಲು ಉಳಿಸೋಕೆ. ಆಮೇಲೆ ಹೊಳೀತು. ಈ ಬಾಗಿಲು ದಾಟಿ ಒಂದು ಕೂಸು ಒಳಗ್ ಬಂತು ಅಂದ್ರೆ ನಾಳೆ ರಾಣಿಯವರು ನಿಜವಾಗಿ ಹೆತ್ತರೂ ಯಾರೂ ನಂಬಲ್ಲ." ಧ್ವನಿ ಇನ್ನೂ ತಗ್ಗಿಸಿದರು. "ಮಗು ಬಂದ ಹೊತ್ತಿಗೆ ಹಾಲು ಇರಬೇಕು ಸಿಸಿಲಿ. ಹಾಲಿಲ್ಲದೆ ರಾಜಕುಮಾರ ಅತ್ತರೆ ಯಾರನ್ನ ಕೇಳ್ತಾರೆ? ಇನ್ನೊಬ್ಬಳು ದಾದಿ ಬರ್ತಾಳೆ, ಅವಳ ಹಿಂದೆ ನನ್ನ ಜಾಗಕ್ಕೆ ಮಾರ್ಜರಿ ಬರ್ತಾಳೆ."

"ನಾಯಿ ಅಂತ ಗೊತ್ತಾದ್ರೆ, ಅಮ್ಮಾವ್ರೇ? ಈ ಕೋಣೇಲಿ?"

"ಗೊತ್ತಾಗಲ್ಲ. ಬೆಳಿಗ್ಗೆ ಒಂದಿಷ್ಟು ಬ್ರೆಡ್ಡು ಹಾಲು ತಿನ್ನಿಸಿ, ಮಲಗಿಸಿ ಕಳಿಸ್ತಾಳೆ ಅರಮನೆ ನಾಯಿ ಸಾಕೋಳು. ನೀನು ಬಾಯಿಬಿಟ್ಟರೆ ಮಾತ್ರ ಗೊತ್ತಾಗುತ್ತೆ."

ಆ ಕೋಣೆಯಲ್ಲಿ ಮಗು ಬಂದೇ ಬರುತ್ತದೆ ಎಂದು ನಂಬಿದವರು ಇಬ್ಬರೇ ಇದ್ದರು ಎಂದು ನನಗೆ ಅವತ್ತು ಅರ್ಥವಾಯಿತು. ಒಬ್ಬರು ರಾಣಿಯವರು, ಇನ್ನೊಬ್ಬರು ಉರ್ಸುಲಾ. ಉಳಿದವರು ಮುಂದಿನ ದಿನಗಳಿಗೆ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದರು. ಲೇಡಿ ಮಾರ್ಜರಿಯವರ ಸೊಸೆ ಪ್ರತಿದಿನ ದೊರೆಯ ತಂಗಿಯ ಮನೆಗೆ ಹೋಗಿ ಬರುತ್ತಿದ್ದಳು, ಮಗು ಇಲ್ಲವಾದರೆ ಸಿಂಹಾಸನ ಆ ಮನೆಗೇ ಹೋಗುವುದು.

ಲೇಡಿ ಮಾರ್ಜರಿ ಮತ್ತೆ ಕೇಳಿದಾಗ, "ಬಟ್ಟೆ ಬಂತು ಅಮ್ಮಾವ್ರೇ, ಅಷ್ಟೇ," ಎಂದೆ. ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಕಿವಿ ಕೆಂಪಾಗುತ್ತದೆ. ನನ್ನದು ಆಗಿರಬೇಕು.

ಆಮೇಲೆ ಒಂದು ಮಧ್ಯಾಹ್ನ ಟಿಬ್ ಅಜ್ಜಿ ರಾಣಿಯವರ ಹೊಟ್ಟೆ ನೋಡಿ ಎದ್ದು ಬಂದು ಕಿಟಕಿಯ ಹತ್ತಿರ ಕೈ ತೊಳೆಯುತ್ತಿದ್ದಳು. ನಾನು ನೀರು ಹಾಕುತ್ತಿದ್ದೆ. ಉರ್ಸುಲಾ ಬಂದು ಪಕ್ಕದಲ್ಲಿ ನಿಂತರು. ಮೂವರೂ ಹೊರಗಿನ ನದಿ ನೋಡುತ್ತಿರುವವರ ಹಾಗೆ ನಿಂತೆವು.

"ಹೇಳು ಅಜ್ಜಿ," ಎಂದರು ಉರ್ಸುಲಾ.

"ಇಳೀತಾ ಐತೆ ತಾಯಿ."

"ಏನು?"

"ಹೊಟ್ಟೆ. ನೀರೋ ಗಾಳಿಯೋ ಯಾರಿಗ್ ಗೊತ್ತು. ಕೂಸಂತೂ ಅಲ್ಲ."

ನಾನು ಹೂಜಿಯನ್ನು ಭದ್ರವಾಗಿ ಹಿಡಿದುಕೊಂಡೆ. ಉರ್ಸುಲಾ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ರಾಣಿಯವರಿಗೆ ಹೇಳಿದ್ಯಾ?"

"ಯಾಕವ್ವಾ, ನನ್ ಕುತ್ತಿಗೆ ಏನ್ ಹೆಚ್ಚಾಗೈತಾ? ಅವರಿಗೂ ಗೊತ್ತು. ಹೆಂಗಸಿಗೆ ತನ್ನ ಹೊಟ್ಟೆ ಗೊತ್ತಾಗಲ್ವಾ? ಖಾಲಿ ಕೈಲಿ ಹೊರಗ್ ಹೋದ್ರೆ ಊರೆಲ್ಲ ನಗ್ತದೆ. ಅದಕ್ಕೇ ಕೂತವ್ರೆ. ಹೋಗೋಕೆ ದಾರಿ ಇಲ್ಲ, ಇರೋಕೆ ಕಾರಣ ಇಲ್ಲ." ಅಜ್ಜಿ ಕೈ ಒರೆಸಿಕೊಂಡಳು. "ಮುಂದೆ ತಪ್ಪನ್ನ ಯಾರ ಮೇಲಾದ್ರೂ ಹಾಕ್ತಾರೆ, ನೋಡ್ತಿರು. ಸೂಲಗಿತ್ತಿ ಮೇಲೇ ಹಾಕೋದು."

ಅವತ್ತು ಉಳಿದ ಹೊತ್ತೆಲ್ಲ ಉರ್ಸುಲಾ ಬಾಗಿಲಲ್ಲಿ ನಿಂತೇ ಇದ್ದರು. ಊಟಕ್ಕೆ ಕರೆದರೆ ಬರಲಿಲ್ಲ. ಅವರು ಕಂಡ ಆ ಬೇರೆ ಅರಮನೆ, ಅಡುಗೆಮನೆ, ಬಾಗಿಲಲ್ಲಿ ಕಾಯುವ ಡ್ಯೂಕರ ಹೆಂಡಂದಿರು, ಎಲ್ಲವೂ ಕಣ್ಣೆದುರಿಗೆ ಕರಗುತ್ತಿರಬೇಕು ಎಂದು ನನಗೆ ಅಯ್ಯೋ ಅನಿಸಿತು. ಸಂಜೆ ಅಗಸಗಿತ್ತಿ ಮುಚ್ಚಳದ ಬುಟ್ಟಿ ಒಯ್ಯಲು ಬಂದಾಗ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು, "ಏನೂ ಕೊಡದೆ?" ಎಂದಳು. "ಹೂಂ," ಎಂದರು. ನಾನು ಇಷ್ಟೇ ಕೇಳಿದ್ದು.

ಬೆಳಿಗ್ಗೆ ಬುಟ್ಟಿ ಬಂದಾಗ ಅದು ಸುಮ್ಮನಿರಲಿಲ್ಲ. ಒಳಗೆ ಕೆರೆಯುವ ಸದ್ದು ಕೇಳುತ್ತಿತ್ತು. ಉರ್ಸುಲಾ ಅದನ್ನೆತ್ತಿ ನನ್ನ ಕೈಗೆ ಕೊಟ್ಟರು. ಎಂದೂ ಕೊಟ್ಟವರಲ್ಲ.

"ಇವತ್ತು ನೀನು ತಗೊಂಡ್ ಹೋಗು. ಮೊದಲು ಆ ತುದಿಗೆ ಹೋಗಿ ರಾಣಿಯವರ ಹೊದಿಕೆ ತಗೊಂಡು, ಆಮೇಲೆ ಪರ್ನೆಲ್ ಹತ್ರ ಹೋಗು."

"ಬುಟ್ಟಿ ಹಿಡ್ಕೊಂಡೇ ಹೋಗ್ಲಾ ಅಮ್ಮಾವ್ರೇ? ಇದು ಅಲ್ಲಾಡ್ತಿದೆ."

"ಬುಟ್ಟಿ ಹಿಡ್ಕೊಂಡೇ ಹೋಗು. ಅದರೊಳಗೇನಿದೆ ಅಂತ ನಿನಗೆ ಗೊತ್ತಿಲ್ಲ. ಯಾರ್ ಕೇಳಿದ್ರೂ ಗೊತ್ತಿಲ್ಲ."

ಅವರ ಕಣ್ಣು ನೋಡಿದೆ. ಅಲ್ಲಿ ನನಗೆ ಏನೂ ಸಿಗಲಿಲ್ಲ. ನನ್ನನ್ನೇ ಬಲಿ ಕೊಡುತ್ತಿದ್ದಾರೆ, ನಾಯಿ ತಂದವಳು ನಾನೇ ಎಂದು ಹೇಳಿ ತಾವು ಪಾರಾಗುತ್ತಾರೆ ಅಂದುಕೊಂಡೆ. ಆದರೂ ಕಾಲು ನಡೆದವು. ಹೇಳಿದ್ದನ್ನು ಮಾಡಿ ಮಾಡಿ ಅಭ್ಯಾಸವಾದ ಕಾಲುಗಳು.

ರಾಣಿಯವರು ನೆಲದ ಮೇಲೆ ಮೊಣಕಾಲು ತಬ್ಬಿ ಕೂತಿದ್ದರು. ಹೆಂಗಸರು ಸುತ್ತ ಕೂತು ಮಗುವಿನ ಟೋಪಿಗಳಿಗೆ ಲೇಸು ಹೊಲಿಯುತ್ತಿದ್ದರು, ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ನಾನು ಅವರ ನಡುವೆ ತಲುಪಿದಾಗ ಬುಟ್ಟಿಯೊಳಗಿಂದ ತೆಳ್ಳಗೆ ಒಂದು ಕುಂಯ್ ಎನ್ನುವ ಅಳು ಎದ್ದಿತು.

ಸೂಜಿಗಳು ನಿಂತವು.

ಲೇಡಿ ಮಾರ್ಜರಿ ಎದ್ದರು. ಅವರ ಮುಖದಲ್ಲಿ ಹಬ್ಬ ಇತ್ತು. "ಕೆಳಗಿಡು ಅದನ್ನ," ಎಂದರು. "ನನಗೆ ಗೊತ್ತಿತ್ತು. ಎಲ್ಲರೂ ನೋಡಿ! ಯಾವ ತಾಯಿ ಹೆತ್ತ ಕೂಸು ಇದು ಅಂತ ಎಲ್ಲರೂ ನೋಡಿ!"

ಮುಚ್ಚಳವನ್ನು ಅವರೇ ತೆಗೆದರು. ಹಸಿದ ನಾಯಿಮರಿ ಬುಟ್ಟಿಯ ಅಂಚಿಗೆ ಕಾಲು ಹಾಕಿ ಹೊರಗೆ ಉರುಳಿ, ಮೈ ಕೊಡವಿ, ಎಲ್ಲರನ್ನೂ ಬಿಟ್ಟು ನೇರವಾಗಿ ರಾಣಿಯವರ ಬಳಿಗೆ ಓಡಿ ಅವರ ಬರಿಗಾಲಿನ ಬೆರಳು ನೆಕ್ಕಿತು.

ಯಾರೋ ಚೀರಿದರು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಲೇಡಿ ಮಾರ್ಜರಿ ಬಾಯಿ ತೆರೆದೇ ನಿಂತಿದ್ದರು. ಮಗುವಿಗಾಗಿ ಸಿದ್ಧ ಮಾಡಿಕೊಂಡಿದ್ದ ಮಾತು ನಾಯಿಗೆ ಹೊಂದಲಿಲ್ಲ.

ಅಷ್ಟರಲ್ಲಿ ಉರ್ಸುಲಾ ಬಾಗಿಲಿನಿಂದ ಓಡಿ ಬಂದು ಬಿಳಿ ಕೋಲನ್ನು ನೆಲಕ್ಕೆ ಹಾಕಿ ಮಂಡಿಯೂರಿದರು.

"ನಂದೇ ತಪ್ಪು ಮಹಾತಾಯಿ. ದಾದಿಯ ಹಾಲು ಉಳಿಸೋಕೆ ನಾನೇ ತರಿಸಿದ್ದು. ಬುಟ್ಟಿ ಹಿಡಿದ ಹುಡುಗಿಗೆ ಏನೂ ಗೊತ್ತಿಲ್ಲ. ಚೆರ್ರಿ ಬಂದಾಗಿಂದ ಈ ಪ್ರಾಣಿ ದಿನಾ ಈ ಕೋಣೇಲಿ ಉಸಿರಾಡಿದೆ. ನಿಮ್ಮ ಮಗು ಬರೋ ದಾರೀಲಿ ನಾನೇ ನಾಯಿ ಕಟ್ಟಿದೆ. ಮಗು ಬರದೇ ಹೋದ್ರೆ ಅದು ನನ್ನ ಪಾಪ, ಬೇರೆ ಯಾರದ್ದೂ ಅಲ್ಲ."

ರಾಣಿಯವರು ಮೊದಲು ನಾಯಿಮರಿಯನ್ನು ನೋಡಿದರು, ಆಮೇಲೆ ಉರ್ಸುಲಾ ಅವರನ್ನು. ಅವರ ಕಣ್ಣುಗಳಲ್ಲಿ ಏನೋ ನಿಧಾನವಾಗಿ ಲೆಕ್ಕ ಹಾಕಿಕೊಳ್ಳುತ್ತಿತ್ತು. ಟಿಬ್ ಅಜ್ಜಿಯ ಕಡೆ ತಿರುಗಿ, "ಟಿಬ್, ಹಾಗೂ ಆಗುತ್ತಾ?" ಎಂದು ಕೇಳಿದರು.

ಟಿಬ್ ಅಜ್ಜಿ ಉರ್ಸುಲಾ ಅವರ ಬಾಗಿದ ಬೆನ್ನನ್ನು ಒಮ್ಮೆ ನೋಡಿದಳು.

"ಆಗ್ತದೆ ನಮ್ಮವ್ವಾ. ನಮ್ಮಮ್ಮ ಕಣ್ಣಾರೆ ಕಂಡಿದ್ಲು. ಪ್ರಾಣಿ ವಾಸನೆಗೆ ಕೂಸು ಹೆದರಿ ಹಿಂದಕ್ಕೇ ಹೋಗಿ ರಕ್ತದಾಗೆ ಕರಗಿ ಹೋಗ್ತದೆ. ತಾಯಿದೇನೂ ದೋಷ ಇರಲ್ಲ."

ಅಜ್ಜಿ ಅದನ್ನು ನಂಬಿ ಹೇಳಿದಳೋ, ಕುತ್ತಿಗೆ ಉಳಿಸಿಕೊಳ್ಳಲು ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ರಾಣಿಯವರು ಅತ್ತರು. ಆ ಕೋಣೆ ಸೇರಿದ ಮೇಲೆ ಅವರು ಅತ್ತದ್ದು ಅದೇ ಮೊದಲು. ಅವರು ಅತ್ತ ಕೂಡಲೇ ಎಲ್ಲ ಹೆಂಗಸರೂ ಅತ್ತರು, ತಡೆದು ಇಟ್ಟುಕೊಂಡಿದ್ದನ್ನೆಲ್ಲ ಸುರಿದರು. ಲೇಡಿ ಮಾರ್ಜರಿಯವರೂ ಅಳಬೇಕಾಯಿತು. ನಾಳೆ ಊರಿಗೆ ಹೋಗುವ ಸುದ್ದಿ ಬದಲಾಗಿತ್ತು. ರಾಣಿಗೆ ಬಸಿರಿತ್ತು, ಒಬ್ಬ ಉಣ್ಣೆ ವ್ಯಾಪಾರಿಯ ಮಗಳು ನಾಯಿ ತಂದು ಅದನ್ನು ಕೆಡಿಸಿದಳು. ಆಡಿಕೊಳ್ಳುವವರಿಗೆ ಇಷ್ಟು ಸಾಕು, ಅದು ಬೇಗ ಹರಡುವ ಸುದ್ದಿಯೂ ಹೌದು.

"ನನ್ನ ಕಣ್ಣೆದುರಿಂದ ಹೋಗು," ಎಂದರು ರಾಣಿಯವರು ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಗಂಡನ ಮನೆಗೆ ಹೋಗು. ಈ ಅರಮನೇಲಿ ಇನ್ನು ನಿನ್ನ ಮುಖ ಕಾಣಿಸಬಾರದು."

ಉರ್ಸುಲಾ ಇನ್ನಷ್ಟು ಬಾಗಿ ರಾಣಿಯವರ ಅಂಗಿಯ ಅಂಚಿಗೆ ಮುತ್ತಿಟ್ಟರು. ಆಗ ರಾಣಿಯವರ ಕೈ ಅವರ ತಲೆಯ ಮೇಲೆ ಬಂತು. ದೂಡುವವರ ಹಾಗೆ ಕಂಡಿತು, ದೂಡಲಿಲ್ಲ. ಟೋಪಿಯ ಅಂಚಿನ ಒಳಗೆ ಬೆರಳು ತೂರಿಸಿ ಒಂದು ಕ್ಷಣ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡು ಬಿಟ್ಟರು. ಉಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಮಾರನೆಯ ದಿನ ಕಿಟಕಿಗಳನ್ನು ತೆರೆದರು. ಗಂಡಸರು ಒಬ್ಬೊಬ್ಬರೇ ಬಂದು ತಮ್ಮ ಚಾಕು, ಬಟ್ಟಲು, ಕೋಲು ವಾಪಸ್ ತೆಗೆದುಕೊಂಡರು. ಪರ್ನೆಲ್ ತನ್ನ ಕೂಸಿನ ಹತ್ತಿರ ಹೋಗುವ ಸಂತೋಷಕ್ಕೆ ಎಲ್ಲರಿಗೂ ಮುತ್ತು ಕೊಟ್ಟಳು, ಚಾಕು ವಾಪಸ್ ತೆಗೆದುಕೊಳ್ಳಲು ಬಂದ ಮುದುಕನಿಗೂ ಕೊಟ್ಟಳು.

ಲೇಡಿ ಮಾರ್ಜರಿ ನನ್ನನ್ನು ಕರೆಸಿದರು. "ನೀನು ದಡ್ಡಿ, ಆದ್ರೆ ಕೆಟ್ಟವಳಲ್ಲ," ಎಂದರು. "ನನ್ನ ಬಟ್ಟೆಬರೆ ನೋಡ್ಕೊಂಡಿರು. ಹಾಕ್ಲಿಯ ಕಥೆ ಮುಗೀತು. ಅವಳ ಜೊತೆ ಹೋದ್ರೆ ಜಿಗಣೆಗಳಿಗೆ ಊಟ ಆಗ್ತೀಯ, ಅಷ್ಟೇ."

"ಯೋಚಿಸ್ತೀನಿ ಅಮ್ಮಾವ್ರೇ," ಎಂದೆ. ನನ್ನಂಥವಳು ಯೋಚಿಸುತ್ತೇನೆ ಎಂದದ್ದನ್ನು ಅವರು ಮೊದಲ ಬಾರಿ ಕೇಳಿರಬೇಕು, ಹುಬ್ಬು ಮೇಲೆ ಹೋಯಿತು.

ಉರ್ಸುಲಾ ಅವರ ಗಾಡಿ ಹಿಂದಿನ ಬಾಗಿಲಿನಿಂದ ಹೊರಟಿತು. ಬೀಳ್ಕೊಡಲು ಯಾ‍ರೂ ಬರಲಿಲ್ಲ. ಅಡುಗೆಮನೆಯ ಹೆಂಗಸರು ಕಿಟಕಿಯಿಂದ ನಾಯಿ ಬೊಗಳಿದ ಹಾಗೆ ಸದ್ದು ಮಾಡಿ ನಕ್ಕರು. ನಾನು ನನ್ನ ಗಂಟು ಎತ್ತಿಕೊಂಡು ಗಾಡಿ ಹತ್ತಿ, ಎಂದಿನಂತೆ ಅವರ ಹಿಂದೆ ಒಂದು ಬದಿಗೆ ಕೂತೆ. ನಗರದ ಗೋಡೆ ದಾಟಿ, ಹೊಲಗಳು ಶುರುವಾದ ಮೇಲೆ ಉರ್ಸುಲಾ ಮಡಿಲಲ್ಲಿದ್ದ ಗಂಟು ಬಿಚ್ಚಿ ಚೀಸು ತೆಗೆದು ಬ್ರೆಡ್ಡಿನ ಮೇಲಿಟ್ಟುಕೊಂಡು ತಿನ್ನತೊಡಗಿದರು. ಮುಖದಲ್ಲಿ ಸೋತವಳ ಕಳೆ ಇರಲಿಲ್ಲ. ಗೆದ್ದವಳದ್ದೂ ಅಲ್ಲ. ಇಸ್ಪೀಟಾಟದಲ್ಲಿ ಕೈಯಲ್ಲಿರುವ ಎಲೆಗಳನ್ನು ಎದೆಗೆ ಒತ್ತಿ ಹಿಡಿದವಳ ಮುಖ.

"ಮಾರ್ಜರಿ ಕರೆದಿದ್ದಳಂತೆ," ಎಂದರು.

"ಹೌದು."

"ಒಳ್ಳೇ ಜಾಗ. ಬೆಚ್ಚಗಿನ ಮನೆ. ಯಾಕ್ ಹೋಗಲಿಲ್ಲ?"

ನಾನು ಹೇಳಿಯೇ ಬಿಟ್ಟೆ.

"ರಾಣಿಯವರು ನಿಮ್ಮ ಕೂದಲು ಹಿಡ್ಕೊಂಡಿದ್ದನ್ನ ನೋಡ್ದೆ ಅಮ್ಮಾವ್ರೇ. ಸಿಟ್ಟು ಬಂದವರು ಹಂಗೆ ಹಿಡಿಯಲ್ಲ. ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ ನಿಮ್ಮನ್ನ ಕರೆಸ್ತಾರೆ ಅನ್ನಿಸ್ತು."

ಉರ್ಸುಲಾ ಅಗಿಯುವುದನ್ನು ನಿಲ್ಲಿಸಿದರು.

"ನಾಯಿಮರಿಗೆ ಅವತ್ತು ಊಟ ಹಾಕಬೇಡ ಅಂತ ಹೇಳಿದ್ದು ಬೇಕಂತಲೇ ಅಲ್ವಾ?" ಎಂದೆ. ಇಷ್ಟು ಮಾತಾಡಿದ್ದು ನನಗೇ ಆಶ್ಚರ್ಯವಾಯಿತು. "ರಾಣಿಯವರ ಮೇಲಿನ ಪ್ರೀತಿಗೆ ಮಾಡಿದ್ರೋ, ಇಲ್ಲಾ..."

"ಇಲ್ಲಾ ಏನು?"

"ಏನಿಲ್ಲ."

ಗಾಡಿ ಹೊಂಡಕ್ಕೆ ಇಳಿದು ಮೇಲೆದ್ದಿತು. ಉರ್ಸುಲಾ ಚೀಸನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಮೂರು ವರ್ಷ ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡಿದ್ದ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಇದನ್ನ ಇನ್ಯಾರಿಗ್ ಹೇಳಿದ್ದೀಯ?"

"ಯಾರಿಗೂ ಇಲ್ಲ ಅಮ್ಮಾವ್ರೇ."

"ಮಾರ್ಜರಿಗೆ?"

"ಇಲ್ಲ."

"ಅವಳು ಕರೆದಾಗ ಏನಂದೆ?"

"ಯೋಚಿಸ್ತೀನಿ ಅಂದೆ."

ಅವರು ತಲೆಯಾಡಿಸಿದರು, ನಂಬಿದ್ದಕ್ಕೋ ನಂಬದೇ ಇದ್ದದ್ದಕ್ಕೋ ತಿಳಿಯಲಿಲ್ಲ. "ಇಲ್ಲಿ ಬಾ," ಎಂದು ತಮ್ಮ ಎದುರಿನ ಹಲಗೆ ತೋರಿಸಿದರು. "ಇನ್ಮೇಲೆ ನನ್ನ ಹಿಂದೆ ಕೂತ್ಕೋಬೇಡ. ಎದುರಿಗೇ ಕೂತ್ಕೋ."

ನಾನು ಎದ್ದು ಹೋಗಿ ಎದುರಿಗೆ ಕೂತೆ. ಜೌಗಿನ ವಾಸನೆ ಗಾಳಿಯಲ್ಲಿ ಬರತೊಡಗುವ ತನಕ ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.